ಜಪಾನಿನ ಕ್ರಿಸ್‌ಮಸ್ ಕೋಳಿ

ಡಿಸೆಂಬರ್ 24ರ ಸಂಜೆ ಜಪಾನಿನ ಜನ ಮೊದಲೇ ಕಾದಿರಿಸಿದ ಕರಿದ ಕೋಳಿಗಾಗಿ ಸಾಲುಗಟ್ಟಿ ನಿಲ್ಲುವುದನ್ನು ಕಂಡು, ಅಲ್ಲಿ ನೆಲೆಸಿದ ವಿದೇಶಿಯರು ಇದು ಬರೀ ಜಾಹೀರಾತಿನ ಮಾಯೆ ಎಂದು ನಗುವುದುಂಟು. ಪೂರ್ತಿ ಸುಳ್ಳೇನಲ್ಲ. ಕೆಂಟಕಿ ಫ್ರೈಡ್ ಚಿಕನ್ ಅಲ್ಲಿಗೆ ಬಂದದ್ದು 1970ರಲ್ಲಿ. ಕ್ರಿಸ್‌ಮಸ್‌ಗೆ ಕೋಳಿ ಎಂಬ ದೇಶವ್ಯಾಪಿ ಪ್ರಚಾರ 1974ರದ್ದು. ಟರ್ಕಿ ಕೋಳಿ ಸಿಗದ ವಿದೇಶಿಯರು ಇದನ್ನೇ ಕೊಂಡದ್ದರಿಂದ ಕಂಪನಿಗೆ ಈ ಉಪಾಯ ಹೊಳೆಯಿತೆಂಬ ಕಥೆಯೂ ಚಾಲ್ತಿಯಲ್ಲಿದೆ. ಆದರೆ ಜಾಹೀರಾತು ಬಿತ್ತಿದ್ದೆಲ್ಲ ಮೊಳೆಯುವುದಿಲ್ಲ. ಕ್ರೈಸ್ತರು ನೂರಕ್ಕೆ ಒಬ್ಬರೋ ಇಬ್ಬರೋ ಇರುವ ನಾಡಿನಲ್ಲಿ ಆ ದಿನಕ್ಕೆಂದೇ ಮನೆಯಡುಗೆ ಇರಲಿಲ್ಲ. ಇಡೀ ಕೋಳಿ ಹಿಡಿಸುವ ಓವನ್ ಕೂಡ ಅಪರೂಪ. ಖಾಲಿ ಜಾಗ ಇತ್ತು, ಕೋಳಿ ಬಂದು ಕೂತಿತು.

ಹೊಸ ವರ್ಷದ ಹಬ್ಬದೂಟವಾದ ಒಸೆಚಿ ಹಾಗಲ್ಲ, ಅದು ಅಪ್ಪಟ ಪರಂಪರೆ ಎಂಬ ಆಕ್ಷೇಪ ಬರಬಹುದು. ಮೆರುಗೆಣ್ಣೆಯ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿ, ಸಿಹಿಪಾಕದ ಕಪ್ಪು ಸೋಯಾ ಕಾಳು, ಹೆರಿಂಗ್ ಮೀನಿನ ಮೊಟ್ಟೆ, ಸುರುಳಿ ಸುತ್ತಿದ ಆಮ್ಲೆಟ್ ತುಂಬಿದರೆ ಹಬ್ಬದ ಮೊದಲ ಮೂರು ದಿನ ಒಲೆ ಹಚ್ಚಬೇಕಿಲ್ಲ. ಬೇರು ಹಳೆಯದು ನಿಜ. ಆದರೂ ಅದು ಜನವರಿ 1ಕ್ಕೆ ಬಂದು ನಿಂತದ್ದು, 1873ರಲ್ಲಿ ಮೇಜಿ ಸರ್ಕಾರ ಪಂಚಾಂಗವನ್ನೇ ಬದಲಿಸಿದ ಮೇಲೆ. ಈಗಂತೂ ಎಷ್ಟೋ ಮನೆಗಳು ಆ ಪೆಟ್ಟಿಗೆಗಳನ್ನು ದೊಡ್ಡ ಅಂಗಡಿಗಳಿಗೆ ತಿಂಗಳುಗಳ ಮುಂಚೆಯೇ ಹೇಳಿಟ್ಟು ತರಿಸುತ್ತವೆ.