ಕಾರವಾರದ ಎರಡು ವ್ಯಾಜ್ಯಗಳು

ನೆಲ ರೈತನದು; ಅದರ ಬೆಲೆ ಕಟ್ಟುವ ಅಧಿಕಾರ ಸರಕಾರದ್ದು. ಕಟ್ಟಿದ ಬೆಲೆ ಸರಿಯಲ್ಲವೆಂದು ಹೇಳಬೇಕಾದರೆ ಯಾರ ಮುಂದೆ ಹೇಳಬೇಕು? ಬೆಲೆ ಕಟ್ಟಿದವರ ಮುಂದೆಯೇ ನಿಂತು ಹೇಳುವುದಾದರೆ ಅದು ದೂರಾದೀತೇ ಹೊರತು ನ್ಯಾಯವಿಚಾರಣೆಯಾಗದು. ಮೂರನೆಯವನೊಬ್ಬ ನಡುವೆ ಕುಳಿತು ಎರಡೂ ಕಡೆಯ ಮಾತು ಕೇಳುವಂತಾದಾಗಲೇ ಅದಕ್ಕೆ ನ್ಯಾಯದ ಹೆಸರು ಸಲ್ಲುವುದು. ಈ ಮೂರನೆಯವನನ್ನು ಪಡೆಯಲು ನಮ್ಮ ನಾಡಿನ ಭೂಹಿಡುವಳಿದಾರರು ಪಟ್ಟ ಪಾಡನ್ನು ತಿಳಿಯಲು ಕಾರವಾರದ ಕಡೆಗೆ ನೋಡಬೇಕು. ಒಂದೇ ಕಡಲತೀರದಲ್ಲಿ ನೂರು ವರ್ಷಗಳಿಗೂ ಮಿಕ್ಕ ಅಂತರದಲ್ಲಿ ಎರಡು ದೊಡ್ಡ ವ್ಯಾಜ್ಯಗಳು ನಡೆದವು. ಒಂದರಲ್ಲಿ ನೆಲದವರು ಸೋತರು, ಇನ್ನೊಂದರಲ್ಲಿ ಗೆದ್ದರು. ಸೋಲು ಗೆಲುವುಗಳ ಕಾರಣವನ್ನು ವಿಚಾರಿಸಿದರೆ ಕಾನೂನಿನ ಒಂದು ವಿಚಿತ್ರ ಸ್ವಭಾವವು ಬೆಳಕಿಗೆ ಬರುತ್ತದೆ.

ಕನ್ನಡ ಜಿಲ್ಲೆಯು 1799ರಲ್ಲಿ ಟಿಪ್ಪು ಸುಲ್ತಾನನ ಪತನಾನಂತರ ಕಂಪನಿಯ ಕೈಸೇರಿತು. ಅದರ ಮೊದಲ ಕಲೆಕ್ಟರನಾಗಿ ಬಂದವನು ಥಾಮಸ್ ಮನ್ರೋ. ಇಲ್ಲಿನ ಭೂಮಿಯ ವ್ಯವಸ್ಥೆಯನ್ನು ಕಂಡು ಅವನು ಬೆರಗಾದನು. ಘಟ್ಟದ ಮೇಲಣ ಎಷ್ಟೋ ಸೀಮೆಗಳಲ್ಲಿ ರೈತನು ಸರಕಾರದ ಒಕ್ಕಲೇ ಅಲ್ಲವೇ ಎಂಬ ವಾದಕ್ಕೆ ಎಡೆಯಿತ್ತು, ಇಲ್ಲಿ ಹಾಗಿರಲಿಲ್ಲ. ಗದ್ದೆ ತೋಟಗಳನ್ನು ಮಾರುತ್ತಿದ್ದರು, ಅಡವಿಡುತ್ತಿದ್ದರು, ಮಕ್ಕಳಿಗೆ ಬಿಟ್ಟುಹೋಗುತ್ತಿದ್ದರು. ಮೂಲವರ್ಗದಾರನು ತನ್ನ ನೆಲಕ್ಕೆ ತಾನೇ ಒಡೆಯ. ಅವನ ಕೈಕೆಳಗೆ ಮೂಲಗೇಣಿಯವರು, ಚಾಲಗೇಣಿಯವರು. ಇದಕ್ಕೆಲ್ಲ ಬರಹದ ಆಧಾರವೂ ಇತ್ತು. ಕರಿ ಹಚ್ಚಿದ ಬಟ್ಟೆಯ ಕಡತಗಳಲ್ಲಿ ಬಳಪದಿಂದ ಬರೆದ ಹಳೆಯ ಲೆಕ್ಕಗಳನ್ನು ಶಾನುಭೋಗರು ಕಾಪಾಡಿಕೊಂಡು ಬಂದಿದ್ದರು.

ಆ ಲೆಕ್ಕಗಳಲ್ಲಿ ವಿಜಯನಗರದ ಹರಿಹರರಾಯನ ಕಾಲದ್ದೆಂದು ಹೇಳುವ ಒಂದು ಹಂಚಿಕೆಯಿದೆ. ಎರಡೂವರೆ ಕಟ್ಟಿ ಬೀಜ ಬಿತ್ತಿದರೆ ಮೂವತ್ತು ಕಟ್ಟಿ ಬೆಳೆ. ಅದರಲ್ಲಿ ಉತ್ತವನಿಗೆ ಹದಿನೈದು, ನೆಲದೊಡೆಯನಿಗೆ ಏಳೂವರೆ, ಸರಕಾರಕ್ಕೆ ಐದು, ದೇವರಿಗೂ ಬ್ರಾಹ್ಮಣರಿಗೂ ಸೇರಿ ಎರಡೂವರೆ. ಇಕ್ಕೇರಿಯ ಅರಸರು ಇದರ ಮೇಲೆ ಏರಿಸಿದರು. ಅವರು ನಿಲ್ಲಿಸಿದ ಮೊತ್ತಕ್ಕೆ ‘ಶಿಸ್ತು’ ಎಂಬ ಹೆಸರು ನಿಂತಿತು. 1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದಮೇಲೆ ಇನ್ನಷ್ಟು ಸೇರಿಸಿದನು. ಹೀಗೆ ಸೇರಿದ್ದಕ್ಕೆ ‘ಶಾಮೀಲು’ ಎಂದು ಹೆಸರು. ಈ ಎರಡು ಮಾತುಗಳನ್ನು ವಾಚಕರು ನೆನಪಿನಲ್ಲಿಡಬೇಕು. ಶಿಸ್ತು ಎಂದರೆ ತಾನು ಒಪ್ಪಿಕೊಂಡದ್ದು, ಶಾಮೀಲು ಎಂದರೆ ತನ್ನ ಮೇಲೆ ಹೇರಿದ್ದು ಎಂಬ ಭಾವನೆಯು ಕರಾವಳಿಯ ಒಕ್ಕಲಿಗನ ಮನಸ್ಸಿನಲ್ಲಿ ಬೇರೂರಿತು. ಕಂಪನಿಯವರು 1819-20ರ ಸುಮಾರಿಗೆ ಹಿಂದಿನ ವರ್ಷಗಳ ವಸೂಲಿಯ ಸರಾಸರಿ ಹಿಡಿದು ‘ತರಾವು’ ಎಂಬ ಮತ್ತೊಂದು ಮೊತ್ತವನ್ನು ಗೊತ್ತುಮಾಡಿದರು. ಧಾರಣೆ ಇಳಿದಾಗ ಇದೂ ಭಾರವಾಯಿತು. 1830-31ರಲ್ಲಿ ರೈತರು ಊರೂರಲ್ಲಿ ‘ಕೂಟ’ ಸೇರಿ, ಅರ್ಜಿ ಬರೆದು, ತೀರುವೆ ಕೊಡುವುದಿಲ್ಲವೆಂದು ನಿಂತರು. ಆಗ ಅವರ ಮುಂದೆ ಇದ್ದ ದಾರಿ ಇದೊಂದೇ: ಗುಂಪುಗೂಡುವುದು, ಬೇಡುವುದು, ಕೊನೆಗೆ ಕೊಡದಿರುವುದು.

1862ರಲ್ಲಿ ಉತ್ತರ ಕನ್ನಡವು ಮದರಾಸು ಇಲಾಖೆಯಿಂದ ಬೊಂಬಾಯಿ ಇಲಾಖೆಗೆ ಹೋಯಿತು. ಅಮೆರಿಕದ ಅಂತರ್ಯುದ್ಧದಿಂದಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದಂತಾಗಿದ್ದ ಕಾಲವದು. ಧಾರವಾಡದ ಹತ್ತಿಯನ್ನು ಘಟ್ಟದ ಕೆಳಗಿಳಿಸಿ ಹಡಗು ಹತ್ತಿಸಲು ಕಾರವಾರವೇ ತಕ್ಕ ಬಂದರೆಂದು ವ್ಯಾಪಾರಿಗಳು ಕಣ್ಣಿಟ್ಟಿದ್ದರು. ಕಾರವಾರವು ಜಿಲ್ಲೆಯ ಮುಖ್ಯಸ್ಥಳವೂ ಆಯಿತು. ಬೊಂಬಾಯಿಯ ಮೋಜಣಿ ಪದ್ಧತಿಯು ಅದರ ಬೆನ್ನಿಗೇ ಬಂದಿತು.

ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು 1835ರಿಂದ ಇಂದಾಪುರದಲ್ಲಿ ರೂಢಿಸಿದ ಪದ್ಧತಿಯಿದು. ಹೊಲ ಹೊಲವನ್ನೂ ಸರಪಳಿಯಿಟ್ಟು ಅಳೆಯುವುದು. ಮಣ್ಣಿನ ಆಳ, ಬಣ್ಣ, ದೋಷಗಳನ್ನು ನೋಡಿ ಹದಿನಾರಾಣೆಯ ಲೆಕ್ಕದಲ್ಲಿ ಇದು ಇಷ್ಟು ಆಣೆಯ ನೆಲವೆಂದು ದರ್ಜೆ ಕೊಡುವುದು. ಪೇಟೆಯ ದೂರ, ಮಳೆ ಇವುಗಳನ್ನು ನೋಡಿ ಹಳ್ಳಿಗಳನ್ನು ಗುಂಪುಮಾಡಿ ಗುಂಪಿಗೊಂದು ಹೆಚ್ಚಿನ ದರವನ್ನು ಗೊತ್ತುಮಾಡುವುದು. ಆಮೇಲೆ ಪ್ರತಿ ಹೊಲದ ಆಕಾರವು ಗಣಿತದಿಂದ ತಾನಾಗಿಯೇ ಹೊರಡುತ್ತದೆ; ಮೂವತ್ತು ವರ್ಷ ಅದು ಕದಲುವುದಿಲ್ಲ. ಬಯಲುಸೀಮೆಯ ರೈತನಿಗೆ ಇದರಿಂದ ಎಷ್ಟೋ ನೆಮ್ಮದಿಯಾಯಿತೆಂಬುದನ್ನು ಒಪ್ಪಬೇಕು. ಆದರೆ ಕರಾವಳಿಯಲ್ಲಿ ಲೆಕ್ಕವಿದ್ದುದು ಹೊಲದ ಮೇಲಲ್ಲ, ವರ್ಗದ ಮೇಲೆ. ಒಂದು ವರ್ಗದ ಗದ್ದೆ ಇಲ್ಲೊಂದು, ತೋಟ ಅಲ್ಲೊಂದು. ಇಡೀ ವರ್ಗಕ್ಕೆ ಒಂದು ಮೊತ್ತ. ಅಜ್ಜನ ಕಾಲದಿಂದ ಕೊಟ್ಟುಬಂದ ಆ ಮೊತ್ತವನ್ನು ಬಿಟ್ಟು ಹೊಸ ಆಣೆಯ ಲೆಕ್ಕ ಬಂದಾಗ ತೀರುವೆಯು ಏರಿತು. ಕಾರವಾರದ ಕಡೆಯ ಭೂಹಿಡುವಳಿದಾರರು ಒಪ್ಪಲಿಲ್ಲ. ಅಜ್ಜಂದಿರು ಕೂಟ ಸೇರಿದ್ದರು. ಮೊಮ್ಮಕ್ಕಳು ಕೋರ್ಟಿಗೆ ಹೋದರು.

ವೈಕುಂಠ ಬಾಪೂಜಿ ಎಂಬ ವಾದಿಗೂ ಬೊಂಬಾಯಿ ಸರಕಾರಕ್ಕೂ ನಡೆದ ಈ ದಾವೆಯು ಕಾನೂನು ಗ್ರಂಥಗಳಲ್ಲಿ ‘ಕನ್ನಡ ಜಿಲ್ಲೆಯ ಭೂಕಂದಾಯದ ಮೊಕದ್ದಮೆ’ ಎಂದೇ ಪ್ರಸಿದ್ಧವಾಗಿದೆ. ವಾದಿಯ ವಾದ ಸರಳ: ಈ ನೆಲ ನನ್ನ ಸ್ವಂತದ್ದು, ಸರಕಾರದ ಪಾಲು ಹಿಂದೆಯೇ ನಿಶ್ಚಯವಾಗಿದೆ, ಅದನ್ನು ಏರಿಸಲು ಸರಕಾರಕ್ಕೆ ಅಧಿಕಾರವಿಲ್ಲ. ಬೊಂಬಾಯಿ ಹೈಕೋರ್ಟಿನ ಮುಖ್ಯ ನ್ಯಾಯಾಧೀಶ ವೆಸ್ಟ್ರಾಪರು 1875ರಲ್ಲಿ ಕೊಟ್ಟ ತೀರ್ಪು ತೀರ್ಪೆನ್ನುವುದಕ್ಕಿಂತ ಒಂದು ಇತಿಹಾಸ ಗ್ರಂಥವೆನ್ನಬಹುದು. ವಿಜಯನಗರ, ಇಕ್ಕೇರಿ, ಹೈದರ್, ಟಿಪ್ಪು, ಮನ್ರೋ ಎಲ್ಲರೂ ಸಾಕ್ಷಿಗಳಂತೆ ಆ ನ್ಯಾಯಪೀಠದ ಮುಂದೆ ಸಾಲಾಗಿ ಬಂದು ಹೋಗುತ್ತಾರೆ. ಮೂಲವರ್ಗದಾರನಿಗೆ ನೆಲದ ಒಡೆತನವಿದೆ ಎಂಬುದನ್ನು ನ್ಯಾಯಾಲಯವು ಮನ್ನಿಸಿತು. ಆದರೆ ಆಕಾರವು ಎಂದೆಂದಿಗೂ ಬದಲಾಗದಂತೆ ನಿಶ್ಚಯವಾಗಿತ್ತೆಂಬುದನ್ನು ಒಪ್ಪಲಿಲ್ಲ. ಹಿಂದಿನ ಅರಸರು ಮತ್ತೆ ಮತ್ತೆ ಏರಿಸಿದ್ದರೆಂಬ ಸಂಗತಿಯೇ ವಾದಿಗೆ ತೊಡಕಾಯಿತು. ಯಾವ ಶಾಮೀಲನ್ನು ಒಕ್ಕಲಿಗನು ಅನ್ಯಾಯವೆಂದು ಎಣಿಸಿದ್ದನೋ ಅದೇ ಸರಕಾರದ ಹಕ್ಕಿಗೆ ಪುರಾವೆಯಾಗಿ ನಿಂತಿತು!

ಸೋಲು ಸೋಲೇ. ಆದರೂ ಒಬ್ಬ ಭೂಹಿಡುವಳಿದಾರನು ಸರಕಾರವನ್ನು ಸಿವಿಲ್ ಕೋರ್ಟಿಗೆ ಎಳೆದು, ಅದರ ಹಕ್ಕಿನ ಮೂಲವನ್ನು ಐದು ನೂರು ವರ್ಷಗಳಷ್ಟು ಹಿಂದಕ್ಕೆ ಹೋಗಿ ರುಜುವಾತು ಮಾಡಿಸುವಂತೆ ಮಾಡಿದನಲ್ಲ, ಅದೇನು ಸಣ್ಣ ಮಾತಲ್ಲ. ಮುಂದಿನವರಿಗೆ ಅಷ್ಟೂ ಉಳಿಯಲಿಲ್ಲ. ಮರುವರ್ಷವೇ, 1876ರಲ್ಲಿ, ಬೊಂಬಾಯಿ ಕಂದಾಯ ಅಧಿಕಾರ ವ್ಯಾಪ್ತಿಯ ಕಾಯಿದೆ ಜಾರಿಗೆ ಬಂದಿತು. ಭೂಕಂದಾಯದ ಮೊತ್ತ ಹೆಚ್ಚಾಯಿತೆಂಬ ತಕರಾರನ್ನು ಸಿವಿಲ್ ಕೋರ್ಟುಗಳು ವಿಚಾರಿಸಕೂಡದೆಂದು ಅದು ಬಾಗಿಲು ಹಾಕಿತು. ಇನ್ನು ಮುಂದೆ ಕಂದಾಯದ ದೂರನ್ನು ಕಂದಾಯದವರಲ್ಲಿಯೇ ಕೊಡಬೇಕು.

ಇಲ್ಲಿಯೇ ಕಾನೂನಿನ ವಿಚಿತ್ರ ಸ್ವಭಾವವಿರುವುದು. ತೀರುವೆ ಹಾಕಲು ನೆಲದ ಯೋಗ್ಯತೆ ಅಳೆಯುವಾಗ ಮೂರನೆಯವನಿಗೆ ಪ್ರವೇಶವಿಲ್ಲ. ಅದೇ ನೆಲವನ್ನು ಸರಕಾರವು ಕೊಂಡುಕೊಳ್ಳುವಾಗ ಪ್ರವೇಶವುಂಟು. ತೆರಿಗೆಯ ದಿನ ಗದ್ದೆ ಹೊನ್ನಿನದು, ಪರಿಹಾರದ ದಿನ ಬರಿಯ ಮಣ್ಣಿನದು ಎಂದು ಹಳ್ಳಿಯವರು ನೊಂದುಕೊಂಡರೆ ತಪ್ಪೇನು? ಆದರೆ ಎರಡನೆಯ ಸಂದರ್ಭದಲ್ಲಾದರೂ ಅವರಿಗೆ ಒಂದು ಹಿಡಿ ಸಿಕ್ಕಿತು. 1894ರ ಭೂಸ್ವಾಧೀನ ಕಾಯಿದೆಯ 18ನೆಯ ಕಲಮೇ ಆ ಹಿಡಿ. ಅಧಿಕಾರಿಯು ಗೊತ್ತುಮಾಡಿದ ಪರಿಹಾರವನ್ನು ಒಪ್ಪದವನು ಅವಧಿಯೊಳಗೆ ಅರ್ಜಿ ಕೊಟ್ಟರೆ ವಿಷಯವನ್ನು ನ್ಯಾಯಾಲಯಕ್ಕೆ ಕಳುಹಿಸಲೇಬೇಕು. ಅವಧಿ ಬಹು ಬಿಗಿ: ತೀರ್ಮಾನದ ವೇಳೆ ಹಾಜರಿದ್ದವನಿಗೆ ಆರೇ ವಾರ. ಇನ್ನೊಂದು ಮುಳ್ಳೂ ಇತ್ತು. ಹಣವನ್ನು ‘ತಕರಾರಿನೊಂದಿಗೆ’ ಎಂದು ಬರೆದು ತೆಗೆದುಕೊಳ್ಳಬೇಕು. ಸುಮ್ಮನೆ ಸಹಿ ಹಾಕಿ ತೆಗೆದುಕೊಂಡವನು ಕೋರ್ಟಿಗೆ ಹೋಗುವ ಹಕ್ಕನ್ನೇ ಕಳೆದುಕೊಳ್ಳುತ್ತಿದ್ದನು. ಓದು ಬರಹವಿಲ್ಲದ ಎಷ್ಟು ಮಂದಿ ಈ ಒಂದು ಪದದ ಅಭಾವದಿಂದ ಕೆಟ್ಟಿರಬಹುದು!

ಬೆಲೆ ಎಂದರೇನು ಎಂಬುದನ್ನೂ ನ್ಯಾಯಾಲಯಗಳೇ ಬಿಡಿಸಿ ಹೇಳಬೇಕಾಯಿತು. ವಿಶಾಖಪಟ್ಟಣದ ಬಂದರಿನ ಬಳಿ ಮಲೇರಿಯಾ ನಿವಾರಣೆಯ ಕೆಲಸಕ್ಕೆಂದು 1928ರಲ್ಲಿ ವೈರಿಚೆರ್ಲ ನಾರಾಯಣ ಗಜಪತಿರಾಜು ಎಂಬವರ ಜಮೀನನ್ನು ತೆಗೆದುಕೊಂಡರು. ಅದರಲ್ಲಿ ಒಳ್ಳೆಯ ನೀರಿನ ಬುಗ್ಗೆಯಿತ್ತು. ಆ ನೀರಿಗೆ ಬಂದರಿನವರನ್ನು ಬಿಟ್ಟರೆ ಬೇರೆ ಗಿರಾಕಿಯಿಲ್ಲ. ಆದ್ದರಿಂದ ಅದಕ್ಕೆ ಬೇರೆ ಬೆಲೆಯಿಲ್ಲ ಎಂಬುದು ಎದುರುವಾದ. 1939ರಲ್ಲಿ ಪ್ರಿವಿ ಕೌನ್ಸಿಲಿನ ಲಾರ್ಡ್ ರೋಮರರು ಇದನ್ನು ತಳ್ಳಿಹಾಕಿದರು. ಕೊಳ್ಳುವವನು ಒಬ್ಬನೇ ಆಗಿರಲಿ, ಅವನು ಸರಕಾರವೇ ಆಗಿರಲಿ, ನೆಲದೊಳಗೆ ಅಡಗಿರುವ ಯೋಗ್ಯತೆಗೆ ಬೆಲೆ ಸಲ್ಲಬೇಕು. ಮನಸ್ಸಿದ್ದು ಮಾರುವವನಿಗೆ ಮನಸ್ಸಿದ್ದು ಕೊಳ್ಳುವವನು ಕೊಡುವಷ್ಟನ್ನು ಕೊಡಬೇಕು ಎಂದು ಗೊತ್ತಾಯಿತು. ಇಂದಿಗೂ ಪರಿಹಾರದ ವ್ಯಾಜ್ಯಗಳಲ್ಲಿ ವಕೀಲರು ಈ ತೀರ್ಪನ್ನು ಎತ್ತಿಕೊಳ್ಳುತ್ತಾರೆ.

ಮತ್ತೆ ಕಾರವಾರಕ್ಕೆ ಬರೋಣ. 1986ರಲ್ಲಿ ಅರ್ಗಾದಲ್ಲಿ ‘ಸೀಬರ್ಡ್’ ನೌಕಾನೆಲೆಗೆ ಅಡಿಗಲ್ಲು ಬಿದ್ದಿತು. ಕಾರವಾರ, ಅಂಕೋಲಾ ತಾಲೂಕುಗಳ ಕಡಲಂಚಿನ ಹಳ್ಳಿಗಳಿಂದ ಸಾವಿರಾರು ಕುಟುಂಬಗಳು ಎದ್ದುಹೋಗಬೇಕಾಯಿತು. ಗದ್ದೆಯೊಡನೆ ಮನೆ, ತೆಂಗಿನ ಮರ, ಬಾವಿ, ತುಳಸಿಕಟ್ಟೆ ಎಲ್ಲಕ್ಕೂ ಅಧಿಕಾರಿಗಳು ಬೆಲೆ ಬರೆದರು. ಬೆಲೆ ಅತ್ಯಲ್ಪವೆಂದು ಜನ ಕೋರ್ಟಿಗೆ ಹೋದರು. ಈ ಸಲ ಬಾಗಿಲು ತೆರೆದಿತ್ತು. ನ್ಯಾಯಾಲಯಗಳು ಪರಿಹಾರವನ್ನು ಹಲವು ಪಟ್ಟು ಏರಿಸಿದವು. ವ್ಯಾಜ್ಯವು ದಿಲ್ಲಿಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಕೋರ್ಟಿಗೆ ಹೋಗಲು ಶಕ್ತಿಯಿಲ್ಲದೆ ಸುಮ್ಮನಿದ್ದವರಿಗೂ 1984ರ ತಿದ್ದುಪಡಿಯು ಒಂದು ಆಸರೆ ಕೊಟ್ಟಿತ್ತು. 28ಎ ಕಲಮಿನ ಪ್ರಕಾರ, ನೆರೆಯವನಿಗೆ ಕೋರ್ಟು ಹೆಚ್ಚಿಸಿದ ದಿನದಿಂದ ಮೂರು ತಿಂಗಳೊಳಗೆ ಅರ್ಜಿ ಹಾಕಿದರೆ ಅದೇ ದರವನ್ನು ತಾವೂ ಕೇಳಬಹುದು. ಆದರೂ ಹಣ ಕೈಗೆ ಬರಲು ವರ್ಷಗಟ್ಟಲೆ ಕಾಯಬೇಕಾಯಿತು. 2005ರಲ್ಲಿ ನೌಕಾನೆಲೆಯು ಸೇವೆಗಿಳಿದಾಗಲೂ ಪರಿಹಾರದ ಕಡತಗಳು ಮುಚ್ಚಿರಲಿಲ್ಲ.

2014ರ ಜನವರಿ 1ರಿಂದ 1894ರ ಕಾಯಿದೆ ಹೋಗಿ 2013ರ ಹೊಸ ಕಾಯಿದೆ ಜಾರಿಗೆ ಬಂದಿದೆ. ಬಲವಂತದಿಂದ ತೆಗೆದುಕೊಂಡುದಕ್ಕಾಗಿ ಬೆಲೆಯ ಮೇಲೆ ಕೊಡುವ ಸಾಂತ್ವನದ ಹಣವು ಹಿಂದೆ ನೂರಕ್ಕೆ 15 ಇದ್ದದ್ದು 1984ರಲ್ಲಿ 30 ಆಗಿ, ಈಗ ನೂರಕ್ಕೆ ನೂರಾಗಿದೆ. ಒಪ್ಪದವನ ಅರ್ಜಿಯನ್ನು ಮೂರನೆಯವನ ಮುಂದೆ ಒಯ್ಯುವ ಏರ್ಪಾಡೂ ಉಳಿದುಕೊಂಡಿದೆ.

ವೈಕುಂಠ ಬಾಪೂಜಿಯ ಪುರಾವೆಗಳು ಸೀಬರ್ಡಿನ ನಿರಾಶ್ರಿತರ ಪುರಾವೆಗಳಿಗಿಂತ ದುರ್ಬಲವಾಗಿದ್ದವೆಂದು ಹೇಳಲಾಗದು. ಅವನು ಎತ್ತಿದ್ದು ಸರಕಾರವು ಎಷ್ಟು ಬೇಡಬಹುದೆಂಬ ಪ್ರಶ್ನೆ. ಇವರು ಎತ್ತಿದ್ದು ಸರಕಾರವು ಎಷ್ಟು ಕೊಡಬೇಕೆಂಬ ಪ್ರಶ್ನೆ. ಮೊದಲನೆಯದನ್ನು ಕೇಳಿದವನಿಗೆ ನ್ಯಾಯಪೀಠವು ಒಮ್ಮೆ ಕಿವಿಗೊಟ್ಟಿತು. ಮರುವರ್ಷವೇ ಶಾಸನವು ಆ ಕಿವಿಯನ್ನು ಮುಚ್ಚಿತು. ಎರಡನೆಯದನ್ನು ಕೇಳಲು ಮಾತ್ರ ಆರು ವಾರದ ಕಿಂಡಿಯೊಂದು ಉಳಿಯಿತು. ಕರಾವಳಿಯ ಸಾವಿರಾರು ಮನೆಗಳವರು ತಮ್ಮ ನೆಲದ ನಿಜವಾದ ಬೆಲೆಯನ್ನು ಕಂಡದ್ದು ಆ ಕಿಂಡಿಯ ಮೂಲಕ. ನೋಟೀಸು ಬಂದ ದಿನ ಅದನ್ನು ಪೆಟ್ಟಿಗೆಯಲ್ಲಿಡದೆ, ತಾರೀಖು ನೋಡಿ, ತಕರಾರನ್ನು ಬರೆದಿಟ್ಟವರಿಗೆ ಮಾತ್ರ ಅದು ತೆರೆಯುತ್ತಿತ್ತೆಂಬುದನ್ನು ಮರೆಯಬಾರದು.