ಸ್ವಂತ ಕಾರಲ್ಲಿ ನೇಪಾಳಕ್ಕೆ ಹೊರಟಿದ್ದೀರಾ? ಗಡಿ ದಾಟುವ ಮುನ್ನ ಈ ನಿಯಮಗಳು ಗೊತ್ತಿರಲಿ

ಕಾಶಿ, ಅಯೋಧ್ಯೆ ಮುಗಿಸಿಕೊಂಡು ಹಾಗೇ ಮುಂದೆ ಹೋಗಿ ಪಶುಪತಿನಾಥನ ದರ್ಶನವನ್ನೂ ಮಾಡ್ಕೊಂಡು ಬರೋಣ ಅಂತ ಸ್ವಂತ ಕಾರಿನಲ್ಲೇ ಹೊರಡುವವರು ಈಗ ಕಡಿಮೆಯೇನಿಲ್ಲ. ಕಠ್ಮಂಡುವಿನ ಪಶುಪತಿನಾಥ ದೇಗುಲದಲ್ಲಿ ಪೂಜೆ ಮಾಡುವ ಭಟ್ಟರು ಕರ್ನಾಟಕ ಮೂಲದವರಾದ್ದರಿಂದ ಕನ್ನಡಿಗರಿಗೆ ಆ ಕ್ಷೇತ್ರದ ಮೇಲೆ ಅಭಿಮಾನವೂ ಜಾಸ್ತಿ. ಬೆಂಗಳೂರಿನಿಂದ ಉತ್ತರ ಪ್ರದೇಶದ ಸೋನೌಲಿ ಗಡಿಗೆ 2,000 ಕಿ.ಮೀ.ಗೂ ಹೆಚ್ಚು ದೂರ. ಅಷ್ಟು ದೂರ ಹೋಗಿ ಒಂದು ಕಾಗದ ಇಲ್ಲ ಅಂತ ಗೇಟಿನಲ್ಲಿ ನಿಲ್ಲಬಾರದು.

"ನೇಪಾಳಕ್ಕೆ ವೀಸಾ ಬೇಡ, ಸೀದಾ ಹೋಗ್ಬಹುದು" ಎಂಬ ಮಾತು ಅರ್ಧ ಮಾತ್ರ ನಿಜ. 1950ರ ಭಾರತ-ನೇಪಾಳ ಶಾಂತಿ ಮತ್ತು ಸ್ನೇಹ ಒಪ್ಪಂದದ ಅನುಕೂಲ ಇರುವುದು ಎರಡೂ ದೇಶಗಳ ಜನರ ಓಡಾಟಕ್ಕೆ. ನಿಮ್ಮ ಕಾರಿಗೆ ಆ ಅನುಕೂಲ ಇಲ್ಲ. ಗಡಿ ದಾಟಿದ ಕೂಡಲೇ ಅದು ವಿದೇಶಿ ವಾಹನ. ಅದಕ್ಕೆ ಪ್ರತ್ಯೇಕ ಅನುಮತಿ, ಪ್ರತ್ಯೇಕ ಶುಲ್ಕ, ಪ್ರತ್ಯೇಕ ವಿಮೆ ಬೇಕು.

ಜನರಿಗೆ ಯಾವ ಗುರುತಿನ ಚೀಟಿ?

ಭಾರತೀಯರಿಗೆ ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಮತದಾರರ ಗುರುತಿನ ಚೀಟಿ, ಎರಡರಲ್ಲಿ ಒಂದು ಇದ್ದರೆ ಸಾಕು. ಎಲ್ಲರೂ ಆಧಾರ್ ಹಿಡ್ಕೊಂಡು ಹೊರಡುತ್ತಾರೆ, ಎಡವುವುದು ಇಲ್ಲೇ. ಕೇಂದ್ರ ಗೃಹ ಸಚಿವಾಲಯದ ಪ್ರಕಾರ ನೇಪಾಳ, ಭೂತಾನ್ ಪ್ರಯಾಣಕ್ಕೆ ಆಧಾರ್ ನಡೆಯುವುದು 15 ವರ್ಷದೊಳಗಿನವರಿಗೆ ಮತ್ತು 65 ವರ್ಷ ದಾಟಿದವರಿಗೆ ಮಾತ್ರ. ನಡುವಿನ ವಯಸ್ಸಿನವರು ವೋಟರ್ ಐಡಿ ಅಥವಾ ಪಾಸ್‌ಪೋರ್ಟ್ ಮೂಲ ಪ್ರತಿಯನ್ನೇ ಇಟ್ಟುಕೊಳ್ಳಬೇಕು.

ಅಮೆರಿಕದಿಂದಲೋ ಇಂಗ್ಲೆಂಡಿನಿಂದಲೋ ರಜೆಗೆ ಬಂದ ಮಗ, ಸೊಸೆ, ಮೊಮ್ಮಕ್ಕಳು ಜೊತೆಗಿದ್ದರೆ ಇನ್ನೂ ಎಚ್ಚರ ಬೇಕು. ಅವರ ಕೈಯಲ್ಲಿ ಒಸಿಐ ಕಾರ್ಡ್ ಇದ್ದರೂ ನೇಪಾಳದ ಲೆಕ್ಕದಲ್ಲಿ ಅವರು ವಿದೇಶಿಯರೇ. ಅವರಿಗೆ ವೀಸಾ ಬೇಕು. ಭಾರತದ ಇಮಿಗ್ರೇಶನ್ ಕಚೇರಿಯಲ್ಲಿ ಹೊರಹೋಗುವ ಮುದ್ರೆಯನ್ನೂ ಹಾಕಿಸಿಕೊಳ್ಳಬೇಕು. ಮನೆಯ ಯಜಮಾನರು ಸಲೀಸಾಗಿ ದಾಟಿ, ಮೊಮ್ಮಗ ಈಚೆ ಕಡೆ ಉಳಿದರೆ ಯಾತ್ರೆ ಅಲ್ಲಿಗೇ ಮುಗಿಯಿತು.

ಕಾರಿಗೆ 'ಭನ್ಸಾರ್' ಕಡ್ಡಾಯ

ನೇಪಾಳದಲ್ಲಿ ಕಸ್ಟಮ್ಸ್‌ಗೆ ಭನ್ಸಾರ್ ಅನ್ನುತ್ತಾರೆ. ಭಾರತದ ನಂಬರ್ ಪ್ಲೇಟಿನ ಕಾರು, ಬೈಕ್ ಯಾವುದೇ ಇರಲಿ, ಗಡಿಯ ಆಚೆ ಬದಿಯಲ್ಲಿರುವ ಭನ್ಸಾರ್ ಕಚೇರಿಯಲ್ಲಿ ಎಷ್ಟು ದಿನ ಇರುತ್ತೀರಿ ಅಂತ ತಿಳಿಸಿ, ದಿನದ ಲೆಕ್ಕದಲ್ಲಿ ಶುಲ್ಕ ಕಟ್ಟಿ ರಸೀದಿ ಪಡೆಯಬೇಕು. ಇದರ ಜೊತೆಗೆ ಅಲ್ಲಿನ ರಸ್ತೆಯಲ್ಲಿ ಓಡಿಸಲು ಯಾತಾಯಾತ್ ಅನುಮತಿ ಪತ್ರವೂ ಬೇಕು. ಬೈಕಿಗೆ ಶುಲ್ಕ ಕಡಿಮೆ, ಕಾರಿಗೆ ಹೆಚ್ಚು. ದರ ಆಗಾಗ ಪರಿಷ್ಕರಣೆ ಆಗುವುದರಿಂದ ಹಳೆಯ ವಿಡಿಯೊ ನೋಡಿ ಲೆಕ್ಕ ಹಾಕದೆ, ಕೌಂಟರಿನಲ್ಲಿ ಹೇಳಿದ್ದನ್ನು ಕಟ್ಟಿ ರಸೀದಿ ಕೇಳಿ ಪಡೆಯುವುದೇ ಸರಿ.

ಸ್ಥಳೀಯರು ಸೈಕಲ್, ರಿಕ್ಷಾದಲ್ಲಿ ಸಲೀಸಾಗಿ ಓಡಾಡುವ ಗಡಿ ಇದು. ಆ ಜನಸಂದಣಿಯಲ್ಲಿ ಯಾರೂ ತಡೆಯಲಿಲ್ಲ ಅಂತ ಭನ್ಸಾರ್ ಕಚೇರಿ ದಾಟಿ ಮುಂದೆ ಹೋದರೆ ಬಚಾವಾದ ಹಾಗಲ್ಲ. ಒಳಗೆ ಹೆದ್ದಾರಿ ತಪಾಸಣೆಯಲ್ಲಿ ರಸೀದಿ ಕೇಳಿದಾಗ ಇಲ್ಲದಿದ್ದರೆ ಅದು ಸುಂಕ ಕಟ್ಟದೆ ದೇಶದೊಳಗೆ ತಂದ ವಾಹನ. ದಂಡದ ಜೊತೆಗೆ ಕಾರೇ ಜಪ್ತಿ ಆಗಬಹುದು.

ನೆನಪಿಡಬೇಕಾದ ಇನ್ನೆರಡು ವಿಷಯ:

• ಭಾರತದ ಖಾಸಗಿ ವಾಹನ ವರ್ಷಕ್ಕೆ ಒಟ್ಟು 30 ದಿನ ಮಾತ್ರ ನೇಪಾಳದಲ್ಲಿ ಇರಬಹುದು.

• ಭನ್ಸಾರ್ ರಸೀದಿಯಲ್ಲಿ ದಿನಾಂಕ ಸಾಮಾನ್ಯವಾಗಿ ವಿಕ್ರಮ ಸಂವತ್‌ನಲ್ಲಿ, ದೇವನಾಗರಿ ಅಂಕಿಗಳಲ್ಲಿ ಇರುತ್ತದೆ. ಇದು ನಮ್ಮ ಕ್ಯಾಲೆಂಡರಿಗಿಂತ ಸುಮಾರು 57 ವರ್ಷ ಮುಂದೆ. ಅವಧಿ ಯಾವತ್ತು ಮುಗಿಯುತ್ತೆ ಅಂತ ಕೌಂಟರಿನಲ್ಲೇ ಕೇಳಿ, ಇಂಗ್ಲಿಷ್ ತಾರೀಖನ್ನು ಬರೆದಿಟ್ಟುಕೊಳ್ಳಿ.

ಎರಡು ದಿನ ಜಾಸ್ತಿಗೆ ಕಟ್ಟುವುದು ಲಾಭ

ಸೋನೌಲಿಯಿಂದ ಕಠ್ಮಂಡುವಿಗೆ ಹೋಗುವ ದಾರಿ ಬುಟ್ವಲ್, ನಾರಾಯಣಗಢ, ಮುಗ್ಲಿಂಗ್ ಮೂಲಕ ಸಾಗುತ್ತದೆ. ಇದರಲ್ಲಿ ನಾರಾಯಣಗಢ-ಮುಗ್ಲಿಂಗ್ ಭಾಗ ಮಳೆಗಾಲದಲ್ಲಿ ಗುಡ್ಡ ಕುಸಿಯುವ ಜಾಗ. 2024ರ ಜುಲೈನಲ್ಲಿ ಇದೇ ರಸ್ತೆಯಲ್ಲಿ ಗುಡ್ಡ ಕುಸಿದು ಎರಡು ಬಸ್ಸುಗಳು ತ್ರಿಶೂಲಿ ನದಿಗೆ ಬಿದ್ದಿದ್ದವು. ರಸ್ತೆ ಬಂದ್ ಆಗಿ ಒಂದು ದಿನ ಸಿಕ್ಕಿಬಿದ್ದರೂ ಪರವಾನಗಿ ಅವಧಿ ಮೀರುತ್ತದೆ. ನಾಲ್ಕು ದಿನದ ಪ್ರವಾಸಕ್ಕೆ ಆರು ದಿನದ ಶುಲ್ಕ ಕಟ್ಟಿದರೆ ಕೈ ಬಿಡುವ ಹಣ ಚಿಕ್ಕದು, ಅವಧಿ ಮೀರಿದರೆ ಬೀಳುವ ದಂಡ ದೊಡ್ಡದು.

ಗಾಡಿ ನಿಮ್ಮ ಹೆಸರಲ್ಲಿ ಇದೆಯೇ?

ಆರ್‌ಸಿ, ಡ್ರೈವಿಂಗ್ ಲೈಸೆನ್ಸ್, ವಿಮೆ, ಹೊಗೆ ತಪಾಸಣೆ ಪ್ರಮಾಣಪತ್ರ ಎಲ್ಲದರ ಮೂಲ ಪ್ರತಿ ಮತ್ತು ಎರಡೆರಡು ಸೆಟ್ ಜೆರಾಕ್ಸ್ ಕೈಯಲ್ಲಿರಲಿ. ಡಿಜಿಲಾಕರ್ ಭಾರತದ ಕಾನೂನಿನ ವ್ಯವಸ್ಥೆ. ಇಲ್ಲಿನ ಟ್ರಾಫಿಕ್ ಪೊಲೀಸರಿಗೆ ಮೊಬೈಲ್ ತೋರಿಸಿದಂತೆ ಅಲ್ಲಿ ತೋರಿಸಿದರೆ ನಡೆಯುತ್ತದೆ ಎಂಬ ಭರವಸೆ ಬೇಡ.

ಕಾರು ಅಣ್ಣನ ಹೆಸರಲ್ಲೋ, ಮಾವನ ಹೆಸರಲ್ಲೋ, ಅಂಗಡಿ ಅಥವಾ ಫರ್ಮ್ ಹೆಸರಲ್ಲೋ ಇದ್ದರೆ ಮಾಲೀಕರ ಸಹಿ ಇರುವ ಒಪ್ಪಿಗೆ ಪತ್ರ, ಅವರ ಗುರುತಿನ ಚೀಟಿಯ ಪ್ರತಿ ಒಯ್ಯಬೇಕು. ಪತ್ರ ಇಂಗ್ಲಿಷ್ ಅಥವಾ ಹಿಂದಿಯಲ್ಲಿದ್ದರೆ ಓದಿಸುವ ತಾಪತ್ರಯ ಇರುವುದಿಲ್ಲ. ಸಾಲದ ಕಾರಾದರೆ ಬ್ಯಾಂಕಿನಿಂದ ನಿರಾಕ್ಷೇಪಣಾ ಪತ್ರ ಬೇಕೇ ಅಂತ ಸಾಲದ ಕರಾರು ನೋಡಿಕೊಳ್ಳುವುದು ಒಳ್ಳೆಯದು.

ಹಳದಿ ಬೋರ್ಡಿನ ಟೆಂಪೊ ಟ್ರಾವೆಲರ್, ಟ್ಯಾಕ್ಸಿಗಳಿಗೆ ನಿಯಮವೇ ಬೇರೆ. ಅವು ಪ್ರತ್ಯೇಕ ಪರವಾನಗಿ ಇಲ್ಲದೆ ಹೋಗುವಂತಿಲ್ಲ. ಬಿಳಿ ಬೋರ್ಡ್ ಕಾರಿನಲ್ಲಿ ಬಾಡಿಗೆಗೆ ಜನರನ್ನು ಕರೆದೊಯ್ಯುವುದು ಇಲ್ಲೂ ತಪ್ಪು. ಅಪಘಾತವಾದರೆ ವಿಮೆ ಕಂಪನಿ ಮೊದಲು ಹಿಡಿಯುವುದೂ ಅದನ್ನೇ.

ಎಲ್ಲರೂ ಮರೆಯುವ ವಿಮೆ

ಕಾರಿನ ವಿಮಾ ಪಾಲಿಸಿ ತೆಗೆದು ನೋಡಿದರೆ ಅದು ಅನ್ವಯವಾಗುವ ಪ್ರದೇಶ 'ಭಾರತ' ಅಂತ ಇರುತ್ತದೆ. ಅಂದರೆ ಗಡಿ ದಾಟಿ ಹತ್ತು ಮೀಟರ್ ಹೋದ ಮೇಲೆ ಡಿಕ್ಕಿಯಾದರೂ ಆ ಪಾಲಿಸಿ ಕೈಗೆ ಬರುವುದಿಲ್ಲ. ಸ್ವಂತ ಕಾರಿನ ರಿಪೇರಿ ಹೋಗಲಿ, ಎದುರಿನವರಿಗೆ ಗಾಯವಾದರೆ ಅಥವಾ ಜೀವ ಹೋದರೆ ಪರಿಹಾರದ ಪೂರ್ತಿ ಹೊರೆ ಮಾಲೀಕರ ತಲೆ ಮೇಲೆ.

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಪಾಲಿಸಿಯ ಪ್ರದೇಶ ವಿಸ್ತರಣೆ ಮಾಡಿಸಬೇಕು. ವಿಮಾ ಭಾಷೆಯಲ್ಲಿ ಇದು ಐಎಂಟಿ 1 ಎಂಡಾರ್ಸ್‌ಮೆಂಟ್. ನೇಪಾಳ, ಭೂತಾನ್, ಬಾಂಗ್ಲಾದೇಶ, ಶ್ರೀಲಂಕಾ, ಮಾಲ್ಡೀವ್ಸ್, ಪಾಕಿಸ್ತಾನ ಇದರ ಪಟ್ಟಿಯಲ್ಲಿವೆ. ಇಂಡಿಯಾ ಮೋಟಾರ್ ಟಾರಿಫ್‌ನಲ್ಲಿ ಇದಕ್ಕೆ ನಿಗದಿಯಾಗಿದ್ದ ಹೆಚ್ಚುವರಿ ಪ್ರೀಮಿಯಂ ಪ್ಯಾಕೇಜ್ ಪಾಲಿಸಿಗೆ 500 ರೂಪಾಯಿ, ಬರೀ ಥರ್ಡ್ ಪಾರ್ಟಿಗೆ 100 ರೂಪಾಯಿ. ಈಗಿನ ದರವನ್ನು ನಿಮ್ಮ ಏಜೆಂಟರನ್ನೇ ಕೇಳಬಹುದು. ಹೊರಡುವ ಒಂದು ವಾರ ಮೊದಲೇ ಮಾಡಿಸಿ, ದೇಶದ ಹೆಸರು ನಮೂದಾಗಿರುವ ಪ್ರತಿಯನ್ನು ಪ್ರಿಂಟ್ ತೆಗೆದಿಟ್ಟುಕೊಳ್ಳಿ. ಗಡಿಯಲ್ಲಿ ಇದನ್ನು ಯಾರೂ ಕೇಳದಿರಬಹುದು. ಆದ್ದರಿಂದಲೇ ಇದು ಮರೆತುಹೋಗುತ್ತದೆ.

ನೋಟು, ಯುಪಿಐ, ಸಮಯ

• 2018ರ ಡಿಸೆಂಬರ್‌ನಲ್ಲಿ ನೇಪಾಳ ಸರ್ಕಾರ ಭಾರತದ 100 ರೂಪಾಯಿಗಿಂತ ದೊಡ್ಡ ನೋಟುಗಳನ್ನು ನಿಷೇಧಿಸಿತ್ತು. ನಂತರ ನಿಯಮ ಸಡಿಲಿಸುವ ಮಾತು ನಡೆದಿದ್ದರೂ, ಖರ್ಚಿಗೆ 100 ಮತ್ತು ಅದಕ್ಕಿಂತ ಚಿಕ್ಕ ನೋಟುಗಳನ್ನೇ ಒಯ್ಯುವುದು ನಿಶ್ಚಿಂತೆ.

• ಭಾರತದ 100 ರೂಪಾಯಿಗೆ ನೇಪಾಳದ 160 ರೂಪಾಯಿ. ಈ ದರ 1993ರಿಂದ ಬದಲಾಗಿಲ್ಲ. ಅಂಗಡಿಯಲ್ಲಿ ಬೆಲೆ ಹೇಳಿದಾಗ 'ಐಸಿಯೋ, ಎನ್‌ಸಿಯೋ' ಅಂತ ಕೇಳಿ. ಐಸಿ ಅಂದರೆ ಭಾರತದ ರೂಪಾಯಿ, ಎನ್‌ಸಿ ಅಂದರೆ ನೇಪಾಳದ್ದು.

• 2024ರ ಮಾರ್ಚ್‌ನಿಂದ ಫೋನ್‌ಪೇ ನೇಪಾಳದ ಕ್ಯೂಆರ್ ಇರುವ ಅಂಗಡಿಗಳಲ್ಲಿ ಭಾರತೀಯರು ಯುಪಿಐ ಮೂಲಕ ಪಾವತಿಸುವ ಸೌಲಭ್ಯ ಬಂದಿದೆ. ಆದರೆ ಮೊಬೈಲ್ ನೆಟ್‌ವರ್ಕ್ ಇದ್ದರೆ ತಾನೇ? ರೋಮಿಂಗ್ ಪ್ಯಾಕ್ ಅಥವಾ ಅಲ್ಲಿನ ಸಿಮ್ ಬೇಕು. ಭನ್ಸಾರ್ ಶುಲ್ಕಕ್ಕೆ ನಗದು ಇಟ್ಟುಕೊಳ್ಳಿ.

• ನೇಪಾಳದ ಗಡಿಯಾರ ನಮ್ಮದಕ್ಕಿಂತ 15 ನಿಮಿಷ ಮುಂದೆ. ವಾರದ ರಜೆ ಶನಿವಾರ. ಕಚೇರಿ ಕೆಲಸ ಇದ್ದರೆ ಆ ದಿನ ತಪ್ಪಿಸಿ.

• ಅಲ್ಲೂ ಎಡಬದಿ ಸಂಚಾರವೇ. ಕುಡಿದು ಓಡಿಸುವುದರ ತಪಾಸಣೆ ಮಾತ್ರ ಬಹಳ ಬಿಗಿ.

ಯಾವ ಗಡಿ ಯಾವ ಊರಿಗೆ?

ಲುಂಬಿನಿ, ಪೋಖರಾ ಕಡೆಗೆ ಸೋನೌಲಿ-ಭೈರಹವಾ. ಬಿಹಾರದ ಮೂಲಕ ಕಠ್ಮಂಡುವಿಗೆ ರಕ್ಸೌಲ್-ಬೀರಗಂಜ್. ಉತ್ತರಾಖಂಡದಿಂದ ಬನ್‌ಬಸಾ-ಮಹೇಂದ್ರನಗರ. ಡಾರ್ಜಿಲಿಂಗ್, ಸಿಲಿಗುರಿ ಕಡೆಯಿಂದ ಪಾನಿಟಂಕಿ-ಕಾಕರ್‌ಭಿಟ್ಟಾ. ಒಂದು ಗೇಟಿನಲ್ಲಿ ಹೋಗಿ ಇನ್ನೊಂದರಲ್ಲಿ ಹೊರಬರುವ ಯೋಚನೆ ಇದ್ದರೆ ಭನ್ಸಾರ್ ಮಾಡಿಸುವಾಗಲೇ ತಿಳಿಸಬೇಕು. ತೊಂದರೆಯಾದರೆ ಕಠ್ಮಂಡುವಿನಲ್ಲಿ ಭಾರತದ ರಾಯಭಾರ ಕಚೇರಿ, ಬೀರಗಂಜ್‌ನಲ್ಲಿ ಕಾನ್ಸುಲೇಟ್ ಇವೆ. ಅವುಗಳ ಫೋನ್ ನಂಬರ್ ಮೊದಲೇ ಬರೆದಿಟ್ಟುಕೊಳ್ಳಿ.

ಭೂತಾನ್‌ಗಾದರೆ?

ಪಶ್ಚಿಮ ಬಂಗಾಳದ ಜೈಗಾಂವ್ ದಾಟಿದರೆ ಭೂತಾನ್‌ನ ಫುಂಟ್‌ಶೋಲಿಂಗ್. ಅಲ್ಲೂ ವೀಸಾ ಇಲ್ಲ, ಆದರೆ ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ತೋರಿಸಿ ಪ್ರವೇಶ ಪರವಾನಗಿ ಪಡೆಯಬೇಕು. 2022ರ ಸೆಪ್ಟೆಂಬರ್‌ನಿಂದ ಭಾರತೀಯರಿಗೆ ತಲಾ ಒಂದು ರಾತ್ರಿಗೆ 1,200 ರೂಪಾಯಿ ಸುಸ್ಥಿರ ಅಭಿವೃದ್ಧಿ ಶುಲ್ಕ ಇದೆ. ನಾಲ್ವರು ವಯಸ್ಕರು ಐದು ರಾತ್ರಿ ಉಳಿದರೆ ಇದೊಂದೇ 24,000 ರೂಪಾಯಿ. ಸ್ವಂತ ಕಾರನ್ನು ಫುಂಟ್‌ಶೋಲಿಂಗ್‌ನಿಂದ ಒಳಗೆ ಒಯ್ಯಲು ದಿನದ ಲೆಕ್ಕದ ಶುಲ್ಕ ಬೇರೆ. ಅದಕ್ಕೇ ಹಲವರು ಕಾರನ್ನು ಜೈಗಾಂವ್‌ನಲ್ಲೇ ನಿಲ್ಲಿಸಿ ಅಲ್ಲಿನ ಟ್ಯಾಕ್ಸಿ ಹಿಡಿಯುತ್ತಾರೆ.

ವಾಪಸ್ ಬರುವಾಗ

ಬರುವಾಗ ಭನ್ಸಾರ್ ಪತ್ರವನ್ನು ಗಡಿಯಲ್ಲಿ ತೋರಿಸಿ, ವಾಹನ ಹೊರಗೆ ಹೋಯಿತು ಅಂತ ನಮೂದಿಸಿಕೊಂಡೇ ಹೊರಡಬೇಕು. ಈಚೆ ಭಾರತದ ಕಸ್ಟಮ್ಸ್ ಕೂಡ ಡಿಕ್ಕಿ ನೋಡುತ್ತದೆ. ಅಂಗಡಿಯಲ್ಲಿ ಮಾರಲು ಅಂತ ಎಲೆಕ್ಟ್ರಾನಿಕ್ಸ್, ಬಟ್ಟೆ ತುಂಬಿಕೊಂಡು ಬಂದರೆ ಅದು ಪ್ರವಾಸಿಯ ಲಗೇಜ್ ಅಲ್ಲ, ಸುಂಕ ಕಟ್ಟಬೇಕಾದ ಆಮದು. ದಾರಿಯಲ್ಲಿ ಪರಿಚಯವಾದವರು 'ಆಚೆ ಕೊಟ್ಟುಬಿಡಿ' ಅಂತ ಕೊಡುವ ಪಾರ್ಸಲ್ ಯಾವ ಕಾರಣಕ್ಕೂ ಬೇಡ. ಅದರೊಳಗೆ ಏನೇ ಇದ್ದರೂ ಉತ್ತರ ಹೇಳಬೇಕಾದವರು ಸ್ಟೀರಿಂಗ್ ಹಿಡಿದವರು.