ಬಾಬಾಸಾಹೇಬರ ಕಣ್ಣೀರು, ನಮ್ಮಪ್ಪನ ಲೋಟ

ಪ್ರತಿ ವರ್ಷ ಸೆಪ್ಟೆಂಬರ್ 23 ಬಂತು ಅಂದ್ರೆ ನಮ್ಮೆಲ್ಲರ ಫೇಸ್‌ಬುಕ್ ಗೋಡೆ ಮೇಲೆ 'ಸಂಕಲ್ಪ ದಿನ'ದ ಪೋಸ್ಟರ್‌ಗಳು. ಬರೋಡಾದ ಪಾರ್ಕು, ಒಂದು ಮರ, ಕೆಳಗೆ ಕೂತ ಯುವಕ ಅಂಬೇಡ್ಕರ್. ಇಲ್ಲೇ ಅವರು ನಮ್ಮ ವಿಮೋಚನೆಯ ಪಣ ತೊಟ್ಟರು ಅಂತ ಬರೆದು 'ಜೈ ಭೀಮ್' ಹಾಕ್ತೀವಿ. ನಾನೂ ಹಾಕಿದೀನಿ. ಈ ಸಲ ಹಾಕೋಕೆ ಮುಂಚೆ ಅವರದೇ 'ವೇಟಿಂಗ್ ಫಾರ್ ಎ ವೀಸಾ' ಇನ್ನೊಂದು ಸಲ ಓದಿದೆ. ಆ ಪಾರ್ಕಿನ ಬಗ್ಗೆ ಬರೆಯುವಾಗ ಬಾಬಾಸಾಹೇಬರು ಪಣದ ಮಾತನ್ನೇ ಆಡಿಲ್ಲ, ಗೆಳೆಯರೇ. ಅಲ್ಲಿರೋದು ಬರೀ ದುಃಖ.

ನಡೆದದ್ದು ಇಷ್ಟು. ಮಹಾರಾಜ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದಲ್ಲಿ ಅವರು 1913ರಲ್ಲಿ ಅಮೆರಿಕಕ್ಕೆ ಹೋದರು. ಕೊಲಂಬಿಯಾದಲ್ಲಿ ಓದು, ಆಮೇಲೆ ಲಂಡನ್. ಓದಿದ ಮೇಲೆ ಬರೋಡಾ ಸಂಸ್ಥಾನಕ್ಕೆ ಹತ್ತು ವರ್ಷ ದುಡಿಯಬೇಕು ಅನ್ನೋ ಕರಾರಿತ್ತು. ಹಾಗಾಗಿ 1917ರಲ್ಲಿ ಬರೋಡಾಕ್ಕೆ ಬಂದರು. ಆಗ ಅವರಿಗೆ 26 ವರ್ಷ. ಹೊರದೇಶದ ವರ್ಷಗಳು ತಾನು ಅಸ್ಪೃಶ್ಯ ಅನ್ನೋದನ್ನೇ ಮನಸ್ಸಿಂದ ಅಳಿಸಿಹಾಕಿದ್ದವು ಅಂತ ಅವರೇ ಬರೀತಾರೆ. ರೈಲ್ವೆ ಸ್ಟೇಷನ್‌ನಲ್ಲಿ ಇಳಿದಾಗ ಮತ್ತೆ ಅದೇ ಪ್ರಶ್ನೆ ಎದ್ದಿತು. ಎಲ್ಲಿಗೆ ಹೋಗೋದು? ಯಾರು ಮನೆ ಕೊಡ್ತಾರೆ?

ಕೊನೆಗೆ ಒಂದು ಪಾರ್ಸಿ ವಸತಿಗೃಹದಲ್ಲಿ, ಸುಳ್ಳು ಪಾರ್ಸಿ ಹೆಸರು ಬರೆಸಿ ಉಳಿದರು. ದಿನಕ್ಕೆ ಒಂದೂವರೆ ರೂಪಾಯಿ. ಮೇಲಿನ ಮಹಡಿಯಲ್ಲಿ ಒಬ್ಬರೇ. ರಾತ್ರಿ ಒಂದು ಸಣ್ಣ ಲಾಂದ್ರ, ಸುತ್ತ ಕತ್ತಲು, ಬಾವಲಿಗಳು. ಹನ್ನೊಂದನೇ ದಿನ ಬೆಳಿಗ್ಗೆ ಹತ್ತು ಹನ್ನೆರಡು ಜನ ಪಾರ್ಸಿಗಳು ಕೋಲು ಹಿಡಿದು ಬಂದು ಬಾಗಿಲಲ್ಲಿ ನಿಂತರು. ಸಂಜೆಯೊಳಗೆ ಜಾಗ ಖಾಲಿ ಮಾಡಬೇಕು ಅಂದರು. ಅವರು ಇಬ್ಬರು ಗೆಳೆಯರನ್ನು ಕೇಳಿದರು, ಒಬ್ಬ ಹಿಂದೂ, ಒಬ್ಬ ಕ್ರಿಶ್ಚಿಯನ್. ಇಬ್ಬರಿಗೂ ಒಂದೊಂದು ನೆಪ ಸಿಕ್ಕಿತು. ಬಾಂಬೆ ರೈಲು ಇದ್ದದ್ದು ರಾತ್ರಿಗೆ. ಅಲ್ಲಿವರೆಗೆ ಹೊತ್ತು ಕಳೆಯೋಕೆ ಕಾಮಾಟಿ ಬಾಗ್ ಅನ್ನೋ ಪಾರ್ಕಿಗೆ ಹೋಗಿ ಕೂತರು.

ಅಲ್ಲಿ ಕೂತು ಏನು ಮಾಡಿದರು? ದಿಕ್ಕಿಲ್ಲದ ಮಕ್ಕಳು ನೆನೆಯೋ ಹಾಗೆ ತಾಯಿ ತಂದೆಯನ್ನು ನೆನೆದರಂತೆ. ತಾಯಿ ಭೀಮಾಬಾಯಿ ಇವರು ಐದಾರು ವರ್ಷದವರಿದ್ದಾಗಲೇ ಹೋಗಿದ್ದರು. ತಂದೆ ರಾಮ್‌ಜಿ ಸಕ್ಪಾಲ್ ತೀರಿಕೊಂಡದ್ದು 1913ರ ಫೆಬ್ರವರಿಯಲ್ಲಿ. ಅವರ ಕಾಯಿಲೆಯ ಸುದ್ದಿ ಬಂದಾಗಲೂ ಬಾಬಾಸಾಹೇಬರು ಇದೇ ಬರೋಡಾದಲ್ಲಿ ಕೆಲಸದಲ್ಲಿದ್ದರು. ಅಂದ್ರೆ ಆ ಪಾರ್ಕಿನಲ್ಲಿ ಕೂತಿದ್ದವನು, ಕೊಲಂಬಿಯಾದಲ್ಲಿ ಓದಿ ಬಂದಿದ್ದರೂ, ಅಪ್ಪ ಅವ್ವ ಇಲ್ಲದ ಒಬ್ಬ ಮಗ.

ಈ ಘಟನೆ ನೆನೆದಾಗೆಲ್ಲ, 18 ವರ್ಷ ಆದ ಮೇಲೂ, ಕಣ್ಣೀರಿಲ್ಲದೆ ನೆನೆಯೋಕೆ ಆಗಿಲ್ಲ ಅಂತ ಅವರು ಬರೀತಾರೆ. 1917ಕ್ಕೆ 18 ಸೇರಿಸಿ. 1935ರ ಆಸುಪಾಸು. ಅಷ್ಟೊತ್ತಿಗೆ ಮಹಾಡ್ ಆಗಿದೆ, ದುಂಡುಮೇಜಿನ ಪರಿಷತ್ತು ಆಗಿದೆ, ಪೂನಾ ಒಪ್ಪಂದ ಆಗಿದೆ. ಇಡೀ ದೇಶ ಅವರ ಮಾತು ಕೇಳ್ತಿದೆ. ಆದರೂ ಆ ಹನ್ನೊಂದನೇ ದಿನ ಅವರೊಳಗೆ ಹಾಗೇ ಇದೆ. ಆ ಬರಹ ಅವರ ಬದುಕಿನಲ್ಲಿ ಅಚ್ಚಾಗಲಿಲ್ಲ. ಪುಸ್ತಿಕೆಯಾಗಿ ಬಂದದ್ದು 1990ರಲ್ಲಿ, ಅವರು ಹೋಗಿ 34 ವರ್ಷದ ಮೇಲೆ.

ಇನ್ನೊಂದು ದುಃಖ ನೋಡಿ. ಬಾಬಾಸಾಹೇಬ್ ಮತ್ತು ರಮಾಬಾಯಿ ನಾಲ್ಕು ಮಕ್ಕಳನ್ನು ಕಳಕೊಂಡರು. ಕೊನೆಯವನು ರಾಜರತ್ನ, 1926ರ ಜುಲೈನಲ್ಲಿ ಹೋದ. ಈ ಪೆಟ್ಟಿನಿಂದ ತಾನು ಸುಲಭಕ್ಕೆ ಚೇತರಿಸಿಕೊಳ್ಳಲ್ಲ ಅನ್ನೋ ಅರ್ಥದಲ್ಲಿ ಅವರು ಗೆಳೆಯ ದತ್ತೋಬಾ ಪವಾರರಿಗೆ ಪತ್ರ ಬರೆದರು. ಎಂಟು ತಿಂಗಳಾದ ಮೇಲೆ, 1927ರ ಮಾರ್ಚ್ 20ಕ್ಕೆ, ಮಹಾಡಿನ ಚವ್‌ದಾರ್ ಕೆರೆಗೆ ಇಳಿದು ನೀರು ಕುಡಿದರು. ನಾವು ಮಾರ್ಚ್ 20 ಆಚರಿಸ್ತೀವಿ. ಹಿಂದಿನ ಜುಲೈ ನಮ್ಮ ಯಾವ ಭಾಷಣದಲ್ಲೂ ಬರಲ್ಲ. ಅವರು ಲಂಡನ್‌ನಲ್ಲಿ ಓದುವಾಗ ಮನೆ ನಡೆಸಿದ ರಮಾಬಾಯಿ 1935ರ ಮೇ 27ರಂದು ತೀರಿಕೊಂಡರು. ಕಷ್ಟದ ದಿನಗಳಲ್ಲಿ ಜೊತೆಗೆ ನೊಂದವಳು ಅಂತ ನೆನೆದು ಬಾಬಾಸಾಹೇಬರು ತಮ್ಮ ಪಾಕಿಸ್ತಾನದ ಕುರಿತ ಪುಸ್ತಕವನ್ನು ಆಕೆಗೆ ಅರ್ಪಿಸಿದ್ದು 1940ರಲ್ಲಿ. ಆ ಮಾತು ಅಚ್ಚಾದಾಗ ಓದೋಕೆ ಆಕೆ ಇರಲಿಲ್ಲ.

ಇದನ್ನೆಲ್ಲ ಯಾಕೆ ಹೇಳ್ತಿದೀನಿ ಅಂದ್ರೆ, ನಮ್ಮ ಮನೆಯ ಒಂದು ಲೋಟದ ವಿಷಯ ಹೇಳಬೇಕಿದೆ.

ನಮ್ಮಪ್ಪ 1979ರಲ್ಲಿ ಒಂದು ಸರ್ಕಾರಿ ಕಚೇರಿಯಲ್ಲಿ ಜವಾನರಾಗಿ ಸೇರಿದರು. 2017ರಲ್ಲಿ ರಿಟೈರ್ಡ್. ಅಪ್ಪನ ಕೋಪ ನಮ್ಮ ಕೇರಿಗೆಲ್ಲ ಗೊತ್ತು. ಅದರಲ್ಲೂ ನೀರಿನ ಲೋಟದ ವಿಷಯಕ್ಕೆ. ಲೋಟದ ಮೇಲೆ ಒಂದು ಕಲೆ ಇದ್ರೂ ಸಾಕು, ಎಸೀತಿದ್ರು. ಅವ್ವ ಹುಣಸೆಹಣ್ಣು ಹಾಕಿ ಉಜ್ಜಿ ಉಜ್ಜಿ ಇಡೋಳು. ಆದ್ರೂ ಎಸೆತ ತಪ್ಪಲಿಲ್ಲ. ಒಂದು ಸಲ ಲೋಟ ತಗುಲಿ ಅವ್ವನ ಹುಬ್ಬಿನ ಮೇಲೆ ಗಾಯ ಆಯ್ತು, ಆ ಕಲೆ ಇನ್ನೂ ಇದೆ. ನಾವು ಮಕ್ಕಳು ಅಪ್ಪನ ಸೈಕಲ್ ಸದ್ದು ಕೇಳಿದ್ರೆ ಹಿತ್ತಲಿಗೆ ಓಡ್ತಿದ್ವಿ. ರಾತ್ರಿ ಅಪ್ಪನಿಗೆ ನಿದ್ದೆ ಬರ್ತಿರಲಿಲ್ಲ. ಜಗುಲಿ ಮೇಲೆ ಬೀಡಿ ಸೇದ್ತಾ ಕೂತಿರೋರು. ಯಾಕಪ್ಪ ಅಂತ ಕೇಳೋ ಧೈರ್ಯ ಯಾರಿಗೂ ಇರಲಿಲ್ಲ.

ಮೂರು ವರ್ಷದ ಹಿಂದೆ ಒಂದು ಸಂಜೆ ಕರೆಂಟ್ ಹೋಗಿತ್ತು. ಒಂದು ಕಾರ್ಯಕ್ರಮಕ್ಕೆ ತಯಾರಿ ಅಂತ 'ವೇಟಿಂಗ್ ಫಾರ್ ಎ ವೀಸಾ' ಓದ್ತಿದ್ದೆ. ಅಪ್ಪನಿಗೂ ಕನ್ನಡದಲ್ಲಿ ಹೇಳ್ತಾ ಹೋದೆ. ಮೊದಲ ಭಾಗ 1901ರದು. ಒಂಬತ್ತು ವರ್ಷದ ಆಸುಪಾಸಿನ ಹುಡುಗ ಭೀಮ ಅಣ್ಣನ ಜೊತೆ ಮಸೂರ್ ಸ್ಟೇಷನ್‌ನಲ್ಲಿ ಇಳೀತಾನೆ. ಅಪ್ಪನ ಹತ್ರ ಗೋರೆಗಾಂವ್‌ಗೆ ಹೋಗಬೇಕು. ಮಹಾರರು ಅಂತ ಗೊತ್ತಾದ ಮೇಲೆ ಯಾರೂ ಗಾಡಿ ಹೊಡೆಯೋಕೆ ಒಪ್ಪಲ್ಲ. ಎರಡರಷ್ಟು ಬಾಡಿಗೆ ಕೊಟ್ಟು ಹುಡುಗರೇ ಗಾಡಿ ಹೊಡ್ಕೊಂಡು ಹೋಗ್ತಾರೆ. ಬುತ್ತಿ ತುಂಬ ಊಟ ಇದೆ, ಕುಡಿಯೋಕೆ ನೀರು ಕೊಡೋರಿಲ್ಲ. ಹಸಿದೇ ಮಲಗ್ತಾರೆ.

ನೀರಿನ ಹತ್ರ ಬಂದಾಗ ಅಪ್ಪ "ನಿಲ್ಸು" ಅಂದರು. ಸ್ವಲ್ಪ ಹೊತ್ತು ಬಿಟ್ಟು ಹೇಳಿದರು, "ಆಫೀಸ್‌ನಾಗೆ ಕಿಟಕಿ ಮೇಲೆ ನಂಗೊಂದು ಲೋಟ ಮಡಗಿದ್ರು ಮಗ. ಬ್ಯಾರೆ ಲೋಟ. ಒಳಗೆಲ್ಲ ಕಪ್ಪಗಾಗಿತ್ತು. ಹನ್ನೊಂದು ವರ್ಸ ಅದ್ರಲ್ಲೇ ಕುಡ್ದೆ."

ನಾನು ಏನೂ ಹೇಳಲಿಲ್ಲ. ಒಲೆ ಮುಂದೆ ಕೂತಿದ್ದ ಅವ್ವ ಎದ್ದು ಬಂದಳು. "ಈ ಮಾತ ನಂಗೊಂದಿನ ಹೇಳ್ಬಾರ್ದಾಗಿತ್ತಾ ನೀವು?" ಅಂದಳು. ಅಷ್ಟೇ. ಅಪ್ಪ ತಲೆ ಎತ್ತಲಿಲ್ಲ.

ಅವತ್ತಿಂದ ಅವ್ವನ ಆ ಪ್ರಶ್ನೆ ನನ್ನ ಬಿಟ್ಟಿಲ್ಲ. ಕಚೇರಿಯಲ್ಲಿ ಎಸೆಯೋಕಾಗದ ಲೋಟ ಮನೇಲಿ ಎಸೆದಾಗ ತಗುಲಿದ್ದು ಅವ್ವನಿಗೆ. ತಪ್ಪು ಮಾಡಿದವರು ಆರಾಮಾಗಿ ಪಿಂಚಣಿ ತಗೊಂಡ್ರು. ಅಪ್ಪನನ್ನು ನಾನು ಇಲ್ಲಿ ಸಮರ್ಥಿಸ್ತಾ ಇಲ್ಲ. ಜಾತಿ ಕೊಟ್ಟ ನೋವು ಹೆಂಡತಿ ಮೇಲೆ ಕೈ ಮಾಡೋಕೆ ಪರ್ಮಿಟ್ ಅಲ್ಲ. ಆದರೆ ಆ ಲೋಟದ ಕಥೆ ಗೊತ್ತಿಲ್ಲದೆ ನಾನು ಅಪ್ಪನನ್ನು 'ಮುಂಗೋಪಿ' ಅಂದ್ಕೊಂಡೇ ಬೆಳೆದೆ. ಅವರ ಹತ್ರ ಹೋಗಲೇ ಇಲ್ಲ. ಆ ವರ್ಷಗಳು ವಾಪಸ್ ಬರಲ್ಲ.

ನನ್ನದೂ ಹೇಳಿಬಿಡ್ತೀನಿ. ಮೀಟಿಂಗ್‌ನಲ್ಲಿ ಘನತೆ, ಸಮಾನತೆ ಅಂತ ಒಂದು ಗಂಟೆ ಮಾತಾಡೋ ನಾನು ಮನೇಲಿ ಕೂಗ್ತೀನಿ. ನನ್ನ ಹೆಂಡತಿ ಒಂದಿನ ಕೇಳಿದಳು, "ಊರೋರ ನೋವೆಲ್ಲ ಕೇಳ್ತೀರ, ನಿಮ್ಮದು ಯಾವತ್ತು ಹೇಳ್ತೀರ?" ಹಾಸ್ಟೆಲ್ಲಿನ ಅವಮಾನ, ಬಾಡಿಗೆ ಮನೆಗೆ ಅಲೆದಾಗ ಕೇಳಿದ ಮಾತು, ಯಾವುದನ್ನೂ ನಾನು ಅವಳಿಗೆ ಹೇಳಿರಲಿಲ್ಲ. ಸಂಘಟನೆಯಲ್ಲೂ ಅಷ್ಟೇ. ನಮ್ಮ ಗುಂಪುಗಳು ಒಡೆದದ್ದಕ್ಕೆ ರಾಜಕೀಯ ಕಾರಣ ಇದ್ದಾವೆ, ಇಲ್ಲ ಅನ್ನಲ್ಲ. ಆದರೆ ಒಬ್ಬ ಜೊತೆಗಾರ ಸಣ್ಣ ಮಾತಾಡಿದ ಅಂತ ಹತ್ತು ವರ್ಷದ ಸ್ನೇಹ ಬಿಟ್ಟಿದೀನಿ. ಅವತ್ತು ನನಗೆ ಸಿಟ್ಟಿದ್ದದ್ದು ಅವನ ಮೇಲಲ್ಲ.

ಕೆಲವರು ಹೇಳ್ತಾರೆ, ಇದೆಲ್ಲ ಮನಸ್ಸಿನ ವಿಷಯ, ಚಳವಳಿಗೆ ಸಂಬಂಧ ಇಲ್ಲ ಅಂತ. ಇನ್ನು ಕೆಲವರು ಎಲ್ಲ ಮರೆತು ಕ್ಷಮಿಸಿ, ಧ್ಯಾನ ಮಾಡಿ ಅಂತಾರೆ. ಎರಡೂ ನನಗೆ ಒಪ್ಪಿಗೆ ಇಲ್ಲ. ನೋವಿಗೆ ಕಾರಣ ಜಾತಿ. ಅದಕ್ಕೆ ಹೋರಾಟ ಬೇಕು, 1989ರ ದೌರ್ಜನ್ಯ ತಡೆ ಕಾಯ್ದೆ ಬೇಕು, ಕೇಸು ಬೇಕು. ಆದರೆ ಕೇಸಿನ ಫೈಲ್‌ನಲ್ಲಿ ಲೋಟದ ವಿಷಯ ದಾಖಲಾದರೂ ರಾತ್ರಿಯ ನಿದ್ದೆ ವಾಪಸ್ ಬರಲ್ಲ. ಅದಕ್ಕೆ ಹೇಳಿಕೊಳ್ಳೋಕೆ ಒಬ್ಬರು ಬೇಕು. ಅದು ಮನೆಯವರಾಗಬಹುದು, ಗೆಳೆಯರಾಗಬಹುದು, ಆಪ್ತ ಸಮಾಲೋಚಕರಾಗಬಹುದು. ಹೋಗೋಕೆ ನಾಚಿಕೆ ಬೇಡ. ಅರವಿಂದ ಮಾಲಗತ್ತಿಯವರ 'ಗವರ್ನಮೆಂಟ್ ಬ್ರಾಹ್ಮಣ', ಸಿದ್ದಲಿಂಗಯ್ಯನವರ 'ಊರು ಕೇರಿ' ಬಂದಾಗ ನಮ್ಮಲ್ಲಿ ಎಷ್ಟೋ ಜನ 'ಇದು ನನ್ನದೇ ಕಥೆ' ಅಂದ್ವಿ. ಓದಿ ಮುಗಿಸಿ ನಮ್ಮ ಕಥೆಯನ್ನು ಮಾತ್ರ ಒಳಗೇ ಇಟ್ಕೊಂಡ್ವಿ.

ಅಪ್ಪ ಈಗಲೂ ಒಮ್ಮೊಮ್ಮೆ ಲೋಟದ ವಿಷಯಕ್ಕೆ ರೇಗ್ತಾರೆ. ಆದರೆ ಎಸೆಯಲ್ಲ. ಅವ್ವ "ಇದು ನಿಮ್ಮಾಫೀಸಲ್ಲ" ಅಂತಾಳೆ. ಆಮೇಲೆ ಇಬ್ಬರೂ ಸುಮ್ಮನಾಗ್ತಾರೆ.

ಈ ಸೆಪ್ಟೆಂಬರ್ 23ಕ್ಕೆ ಪೋಸ್ಟರ್ ಹಾಕೋಣ, ಬೇಡ ಅನ್ನಲ್ಲ. ಜೊತೆಗೆ ಒಂದು ಕೆಲಸ ಮಾಡಿ. ಅಪ್ಪನ ಹತ್ರ, ಅವ್ವನ ಹತ್ರ ಒಂದು ಸಂಜೆ ಫೋನ್ ಬದಿಗಿಟ್ಟು ಕೂತ್ಕೊಳ್ಳಿ. ಅವ್ವನನ್ನ ಮೊದಲು ಕೇಳಿ. ಯಾಕಂದ್ರೆ ನಮ್ಮವ್ವನ ಕಥೆ ಏನು ಅಂತ ನಾನು ಇನ್ನೂ ಕೇಳಿಲ್ಲ. ಈ ಭಾನುವಾರ ಊರಿಗೆ ಹೋಗ್ತಿದೀನಿ.

ಜೈ ಭೀಮ್.